ಕ್ರಮ ತಪ್ಪಿದ ಮಾತ್ರೆ

ಬೈಂಡಿಂಗ್ ಅಂಗಡಿಯಲ್ಲಿ ಅವನನ್ನು ಎಲ್ಲರೂ ಅಳತೆಯಣ್ಣ ಎನ್ನುತ್ತಿದ್ದರು. ಕಾಗದ ಕತ್ತರಿಸುವ ಯಂತ್ರದ ಮುಂದೆ ಅವನು ನಿಂತರೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಆಗುತ್ತಿರಲಿಲ್ಲ. "ಇವನು ಮೀಸೇನೂ ಸ್ಕೇಲ್ ಇಟ್ಕೊಂಡೇ ಕತ್ತರಿಸೋದು" ಎಂದು ಮಾಲೀಕರು ನಗುತ್ತಿದ್ದರು. ಅದೇ ಅಂಗಡಿಯ ಮೂಲೆಯಲ್ಲಿ ಅವನ ಹೆಂಡತಿ ಪುಸ್ತಕದ ಮಡಿಕೆಗಳನ್ನು, ಅಂದರೆ ಮಡಚಿದ ಹಾಳೆಗಳ ಕಂತೆಗಳನ್ನು, ಪುಟದ ಕ್ರಮದಲ್ಲಿ ಒಂದರ ಮೇಲೊಂದು ಜೋಡಿಸಿ ಹೊಲಿಯುತ್ತಿದ್ದಳು.

ಚಿಕ್ಕಂದಿನಿಂದ ಅವನಿಗೆ ಮೂರ್ಛೆರೋಗವಿತ್ತು. ಮಾತ್ರೆಯ ದೆಸೆಯಿಂದ ಹನ್ನೊಂದು ವರ್ಷ ಅದು ಹತ್ತಿರ ಸುಳಿದಿರಲಿಲ್ಲ. ಆಮೇಲೆ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ವಾರಕ್ಕೆ ಮೂರು ದಿನ ಬೆಳಿಗ್ಗೆ ಡಯಾಲಿಸಿಸ್ ಶುರುವಾಯಿತು. ಆ ದಿನಗಳಲ್ಲಿ, ಡಯಾಲಿಸಿಸ್ ಮುಗಿಸಿ ಎದ್ದ ಮೇಲೆ ಮೂರ್ಛೆಯ ಮಾತ್ರೆ ಇನ್ನೊಂದು ನುಂಗಬೇಕು ಎಂದು ಡಾಕ್ಟರು ಚೀಟಿಯಲ್ಲಿ ಬರೆದಿದ್ದರು.

ಅವನ ಭಯವೇ ಬೇರೆ.

"ಅಲ್ಲಿ ಮಲಗಿದ್ದಾಗ ಮೂರ್ಛೆ ಬಂದ್ರೆ ಸೂಜಿ ಕಿತ್ಕೊಂಡು ನೆಲವೆಲ್ಲ ರಕ್ತ. ಎಲ್ಲಾ ಮೊದಲೇ ನುಂಗಿಬಿಡ್ತೀನಿ. ದಿನಕ್ಕೆ ಎಷ್ಟು ಅಂತ ತಾನೇ ಲೆಕ್ಕ?"

"ಚೀಟೀಲಿ ಆಮೇಲೆ ಅಂತ ಇದೆಯಲ್ಲಾ ರೀ."

"ಚೀಟಿ ಬರೆದೋರು ಆ ಹಾಸಿಗೆ ಮೇಲೆ ಮಲಗಿದಾರಾ?"

ಅವಳಿಗೂ ಅದು ಸರಿಯೆನ್ನಿಸಿತು.

ಮೂರನೆಯ ವಾರ, ಆಸ್ಪತ್ರೆಯಿಂದ ಬಂದ ಮಧ್ಯಾಹ್ನ, ಮನೆಯ ಹೊಸ್ತಿಲಲ್ಲೇ ಅವನು ಬಿದ್ದು ಒದ್ದಾಡಿದ. ಎಚ್ಚರವಾದಾಗ ಅವಳ ಕೈ ಹಿಡಿದುಕೊಂಡ.

"ಯಾರ ಹತ್ರಾನೂ ಬಾಯಿಬಿಡಬೇಡ ಕಣೇ. ಅಂಗಡೀಲಿ ಗೊತ್ತಾದ್ರೆ ಯಂತ್ರ ಬಿಡಿಸಿ ಅಂಟು ಬಳಿಯೋಕೆ ಕೂರಿಸ್ತಾರೆ."

ಅವಳು ಬಾಯಿಬಿಡಲಿಲ್ಲ. ಆದರೆ ಹೊಲಿಗೆ ಡಬ್ಬಿಯಲ್ಲಿ ಒಂದು ಉದ್ದ ದಾರ ಇಟ್ಟುಕೊಂಡಳು. ದಿನಕ್ಕೊಂದು ಗಂಟು ಹಾಕುವಳು. ಡಯಾಲಿಸಿಸ್ ದಿನದ್ದು ದಪ್ಪ ಗಂಟು. ಮೂರ್ಛೆ ಬಂದ ದಿನ ಆ ಗಂಟಿಗೆ ಕೆಂಪು ನೂಲು ಸುತ್ತುವಳು. ಕೆಂಪು ನೂಲು ಒಂಬತ್ತಾಯಿತು.

ಒಂದು ಡಯಾಲಿಸಿಸ್ ದಿನ ಮಧ್ಯಾಹ್ನ ಅವಸರದ ಕೆಲಸವೊಂದು ಬಂತು. "ಅರ್ಧ ತಾಸು ಬಂದು ಹೋಗಪ್ಪಾ" ಎಂದು ಮಾಲೀಕರು ಫೋನ್ ಮಾಡಿದರು. ಅವನು ಹೊರಟ. ಹೋಗಬೇಡಿ ಎಂಬ ಮಾತು ಅವಳ ನಾಲಿಗೆಯ ತುದಿಯವರೆಗೂ ಬಂದಿತ್ತು. ನುಂಗಿಕೊಂಡು ಹಿಂದೆಯೇ ಹೋಗಿ ತನ್ನ ಮೂಲೆಯಲ್ಲಿ ಕುಳಿತಳು.

ಅವನ ಎಡಗೈ ಕಾಗದದ ಕಂತೆಯನ್ನು ಸರಿಪಡಿಸುತ್ತಿತ್ತು, ಬಲಗೈ ಅಲಗಿನ ಹಿಡಿಕೆಯ ಮೇಲಿತ್ತು. ಮೈ ಒಮ್ಮೆಲೇ ಬಿಗಿದು ಹಿಡಿಕೆಯ ಮೇಲೆ ಕುಸಿಯಿತು. ಎಡಗೈಯ ಎರಡು ಬೆರಳು ಹೋದವು. ಬೆಳಿಗ್ಗೆ ರಕ್ತ ಹೆಪ್ಪುಗಟ್ಟದಿರಲೆಂದು ಕೊಟ್ಟ ಮದ್ದು ಇನ್ನೂ ಮೈಯಲ್ಲಿತ್ತೋ ಏನೋ, ಎಷ್ಟು ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ. ಹೊಲಿದಿಟ್ಟಿದ್ದ ಪುಸ್ತಕಗಳೆಲ್ಲ ನೆಂದವು.

ಎರಡು ದಿನದ ನಂತರ ಅವಳು ಆ ದಾರವನ್ನು ಡಯಾಲಿಸಿಸ್ ಕೋಣೆಯ ನರ್ಸಮ್ಮನ ಮುಂದೆ ಹರಡಿದಳು. ಒಂದೂ ತಪ್ಪದೆ ಕೆಂಪು ನೂಲೆಲ್ಲ ದಪ್ಪ ಗಂಟಿನ ಮೇಲೆಯೇ ಇತ್ತು.

"ಮಾತ್ರೆ ಯಾವಾಗ ತಗೋತಾರಮ್ಮಾ?"

"ಬರೋ ಮುಂಚೆ. ಎಲ್ಲಾ."

ನರ್ಸಮ್ಮ ಹಾಸಿಗೆಯ ಪಕ್ಕದ ಯಂತ್ರವನ್ನು ತೋರಿಸಿದಳು. "ಈ ಯಂತ್ರ ರಕ್ತದ ಕೊಳೆ ಒಂದನ್ನೇ ತೊಳೆಯಲ್ಲ. ಆ ಮಾತ್ರೆಯನ್ನೂ ಅರ್ಧಕ್ಕರ್ಧ ತೊಳೆದುಹಾಕುತ್ತೆ. ಹೋಗಿದ್ದನ್ನ ತುಂಬಿಸೋಕೇ ಆಮೇಲೆ ಅಂತ ಬರೆದಿದ್ದು."

"ತೊಳೆದುಹೋಗುತ್ತೆ ಅಂತ ಯಾರೂ ಹೇಳಲಿಲ್ವಲ್ಲ ತಾಯಿ."

"ಮೂರ್ಛೆ ಬರ್ತಿದೆ ಅಂತ ನೀವೂ ಹೇಳಲಿಲ್ವಲ್ಲ."

ಹಾಸಿಗೆಯ ಮೇಲಿದ್ದ ಅವನು ಎಲ್ಲವನ್ನೂ ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ.

"ಮಡಿಕೆ ಎಣಿಕೆ ಸರಿ ಇತ್ತು ಕಣೇ. ಜೋಡಿಸೋ ಕ್ರಮ ತಪ್ಪಿತ್ತು."

ಅಂಗಡಿಯಲ್ಲಿ ಬೇರೆ ಯಾರಾದರೂ ಹಾಗೆ ಮಾಡಿದ್ದರೆ, ಇಡೀ ಪುಸ್ತಕ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದವನು ಅವನೇ.

ಈಗ ಅವನು ಡಯಾಲಿಸಿಸ್ ಮುಗಿಸಿ ಎದ್ದ ಕೂಡಲೇ ಅವಳು ಮಾತ್ರೆಯನ್ನು ಬಲಗೈಗೆ ಹಾಕುತ್ತಾಳೆ. ನಾಲ್ಕು ತಿಂಗಳಾಯಿತು, ದಾರಕ್ಕೆ ಕೆಂಪು ನೂಲು ಬಿದ್ದಿಲ್ಲ. ಅಂಗಡಿಯಲ್ಲಿ ಅವನು ಅಂಟು ಬಳಿಯುತ್ತಾನೆ. ಹೊಸಬನು ಕತ್ತರಿಸಿದ ಅಂಚು ತುಸು ಓರೆಯಾಗಿರುತ್ತದೆ. ಅವನು ನೋಡುತ್ತಾನೆ, ಮುಂದಿನ ಪುಸ್ತಕ ಎತ್ತಿಕೊಳ್ಳುತ್ತಾನೆ. ಅಳತೆಯಣ್ಣ ಎಂದು ಈಗ ಯಾರೂ ಕರೆಯುವುದಿಲ್ಲ. ಅವಳು ಕಾಗದ ಕತ್ತರಿಸುವ ಯಂತ್ರಕ್ಕೆ ಬೆನ್ನು ಹಾಕಿ ಕುಳಿತು ಹೊಲಿಯುತ್ತಾಳೆ.