ಬಿಕ್ಕಳಿಕೆಗೆ ಸಿಕ್ಕ ಹೆಸರು

ಹಲ್ಲಿ ಲೊಚಗುಟ್ಟಿದರೂ ಬೆಕ್ಕು ಅಡ್ಡ ಬಂದರೂ ನಕ್ಕು ಮುಂದೆ ಹೋಗುವ ಜಾತಿ ನನ್ನದು. ಯಾರಾದರೂ ದೆವ್ವ ಕಂಡ ಕತೆ ಶುರು ಮಾಡಿದರೆ, ಆ ದಿನ ಏನು ತಿಂದಿದ್ದಿರಿ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಹೇಳಹೊರಟಿದ್ದೇನೆ. ನೀವೂ ಕೇಳಬಹುದು. ಅವತ್ತು ತಿಂದದ್ದು ಸೇವ್ ಉಸಳ್.

ಎರಡು ಸಾವಿರದ ಇಸವಿ ಕಳೆದ ಹೊಸತು. ವಡೋದರದ ಗೋರ್ವಾ ಬಡಾವಣೆಯ ಬಣ್ಣದ ಕಾರ್ಖಾನೆಯೊಂದರಲ್ಲಿ ಕೆಮಿಸ್ಟ್ ಆಗಿದ್ದೆ. ಹರಿಹರದ ಕಡೆಯವನಾದ ನನಗೆ ಅಲ್ಲಿ ಕನ್ನಡದಲ್ಲಿ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ. ಮೊಬೈಲು ಇನ್ನೂ ನನ್ನಂಥವರ ಜೇಬಿಗೆ ಇಳಿದಿರಲಿಲ್ಲ. ಭಾನುವಾರ ಬಂತೆಂದರೆ ಹೆದರಿಕೆ. ಬಾಡಿಗೆ ಫ್ಲ್ಯಾಟಿನಲ್ಲಿ ಇಡೀ ದಿನ ಬಾಯಿ ತೆರೆಯದೆ ಕಳೆದು, ಸಂಜೆಗೆ ನನ್ನ ದನಿಯೇ ನನಗೆ ಬೇರೆಯವರದೆನಿಸುತ್ತಿತ್ತು.

ಒಂದು ದಿನ ಹಾಗೇ ಸುತ್ತಾಡುವಾಗ ಕಾಂಪೌಂಡೊಂದರ ಒಳಗಿಂದ ಯಾರೋ "ಬಾ, ಬಾ" ಎಂದರು. ನನ್ನನ್ನೇ ಕರೆದರೆಂದು ಗೇಟು ತೆಗೆದು ಒಳಗೆ ಹೋಗಿಬಿಟ್ಟೆ! ಗುಜರಾತಿಯಲ್ಲಿ 'ಬಾ' ಎಂದರೆ ತಾಯಿ. ಗಿರಾಕಿಯೊಬ್ಬ ಮನೆಯೊಡತಿ ಮುದುಕಿಯನ್ನು ಕೂಗಿದ್ದನಷ್ಟೆ. ಹಳೆಯ ಬಂಗಲೆಯ ತೋಟವೇ ಅವರ ಕೆಫೆ. ಅಲ್ಲಿ ಒಂದು ಕುರ್ಚಿಯಂತೆ ಇನ್ನೊಂದಿರಲಿಲ್ಲ. ಒಂದು ಕ್ಷೌರದಂಗಡಿಯದು, ಇನ್ನೆರಡು ಮುಚ್ಚಿಹೋದ ಟಾಕೀಸಿನವು. ಬೇವಿನ ಮರದ ಕೆಳಗೆ ದೊಡ್ಡ ಉಯ್ಯಾಲೆ. ಮೆನು ಗಿನು ಇಲ್ಲ, ಬಾ ಅವತ್ತು ಮಾಡಿದ್ದನ್ನೇ ಎಲ್ಲರೂ ತಿನ್ನಬೇಕು. ತಪ್ಪಾಗಿ ಕೇಳಿಸಿಕೊಂಡ ಆ ಒಂದು ಕರೆಯ ಆಸೆಗೆ ನಾನು ಪ್ರತಿ ಭಾನುವಾರ ಅಲ್ಲಿಗೆ ಹೋಗತೊಡಗಿದೆ.

ಅಂಥದೊಂದು ಭಾನುವಾರ ಸಂಜೆ ಬೇರೆ ಗಿರಾಕಿಗಳಿರಲಿಲ್ಲ. ಬಾ ಮಾಡಿದ್ದು ಬಟಾಣಿಯ ಖಾರದ ರಸಕ್ಕೆ ಸೇವ್ ಉದುರಿಸಿದ ಉಸಳ್. ಉಸಳ್‌ನ ಖಾರ ನೆತ್ತಿಗೇರಿ ಬಿಕ್ಕಳಿಕೆ ಹತ್ತಿತು. ನೀರು ಕುಡಿದೆ, ಉಸಿರು ಬಿಗಿಹಿಡಿದೆ, ನಿಲ್ಲಲಿಲ್ಲ. ಬಾ ನಕ್ಕು, "ಕೋಯಿ ಯಾದ್ ಕರೇ ಛೇ, ದೀಕರಾ" ಎಂದು ದೀಪ ಹಚ್ಚಲು ಒಳಗೆ ಹೋದರು. ಯಾರೋ ನೆನೆಸಿಕೊಳ್ಳುತ್ತಿದ್ದಾರೆ ಮಗಾ, ಅಂತ. ನಮ್ಮೂರಲ್ಲೂ ಇದೇ ಮಾತು. ನೆನೆಸಿಕೊಂಡವರ ಹೆಸರು ಹೇಳಿದರೆ ಬಿಕ್ಕಳಿಕೆ ನಿಲ್ಲಬೇಕು.

ತಮಾಷೆಗೆಂದು ಹೇಳತೊಡಗಿದೆ. ಅವ್ವ. ನಿಲ್ಲಲಿಲ್ಲ. ಅಪ್ಪ, ಅಕ್ಕ, ಹಾಸ್ಟೆಲಿನ ಗೆಳೆಯರು. ಕಾಲೇಜಿನ ಒಬ್ಬ ಹುಡುಗಿಯ ಹೆಸರನ್ನು ಸ್ವಲ್ಪ ತಡೆದು ಹೇಳಿದೆ. ಅದಕ್ಕೂ ಇಲ್ಲ. ಮ್ಯಾನೇಜರನ ಹೆಸರನ್ನೂ ಬಿಡಲಿಲ್ಲ. ಗೊತ್ತಿದ್ದ ಹೆಸರೆಲ್ಲ ಮುಗಿದವು. ಇಂಥದನ್ನೆಲ್ಲ ನಂಬದ ನನಗೆ ಆಗ ನಿಜಕ್ಕೂ ಅಳು ಬಂತು. ಈ ಭೂಮಿಯ ಮೇಲೆ ಈ ಹೊತ್ತಿನಲ್ಲಿ ನನ್ನನ್ನು ನೆನೆಯುವವರು ಒಬ್ಬರೂ ಇಲ್ಲವೇ ಎನಿಸಿತು.

"ತುಂಗಕ್ಕ ಅನ್ನು, ತಮ್ಮಾ, ನಿಲ್ತತಿ."

ಬೆನ್ನ ಹಿಂದಿನಿಂದ, ಅಚ್ಚ ನಮ್ಮ ಕಡೆಯ ಮಾತು, ವಯಸ್ಸಾದ ಹೆಂಗಸಿನ ದನಿ. ತಿರುಗುವ ಮೊದಲೇ ನನ್ನ ಬಾಯಿ "ತುಂಗಕ್ಕ" ಎಂದಿತ್ತು. ಬಿಕ್ಕಳಿಕೆ ನಿಂತಿತು. ತಿರುಗಿ ನೋಡಿದರೆ ಉಯ್ಯಾಲೆ ಮೆಲ್ಲಗೆ ತೂಗುತ್ತಿತ್ತು. ಅದರ ಮೇಲೆ ಯಾರೂ ಇರಲಿಲ್ಲ. ಬೇವಿನ ಎಲೆ ಒಂದೂ ಅಲುಗುತ್ತಿರಲಿಲ್ಲ. ಬಾ ಅವರನ್ನು ಕರೆದು ಕೇಳಿದೆ. ನಿನ್ನನ್ನು ಬಿಟ್ಟರೆ ಯಾರೂ ಬಂದಿಲ್ಲವಲ್ಲ ಎಂದು ಅವರೇ ನನ್ನ ಮುಖ ನೋಡಿದರು.

ಕೂಡಲೇ ಎಸ್‌ಟಿಡಿ ಬೂತಿಗೆ ಹೋಗಿ, ಊರಿನ ಪಕ್ಕದ ಮನೆಗೆ ಫೋನ್ ಮಾಡಿ ಅವ್ವನನ್ನು ಕರೆಸಿದೆ.

"ತುಂಗಕ್ಕನಾ? ನಮ್ಮೋರಾಗ ಆ ಹೆಸರಿನೋರು ಯಾರೂ ಇಲ್ಲಪ್ಪ. ಯಾಕ, ಊಟ ಮಾಡಿಯೇನು?"

ನನಗೆ ಬಿಕ್ಕಳಿಕೆ ಹತ್ತಿದ ಹೊತ್ತಿಗೆ ಅವ್ವ ಏನು ಮಾಡುತ್ತಿದ್ದಳೆಂದೂ ಕೇಳಿದೆ. ಟೀವಿಯಲ್ಲಿ ಧಾರಾವಾಹಿ ನೋಡುತ್ತಿದ್ದಳಂತೆ.

ಆಮೇಲೆ ನೆಂಟರಿಷ್ಟರನ್ನೆಲ್ಲ ವಿಚಾರಿಸಿದೆ. ಹಳೇ ಕೇರಿಯವರನ್ನೂ ಬಿಡಲಿಲ್ಲ. ಆ ಹೆಸರಿನವರನ್ನು ಕಂಡವರಿಲ್ಲ. ಒಂಟಿತನಕ್ಕೆ ಮನಸ್ಸೇ ಆಡಿದ ಆಟ ಎನ್ನೋಣವೆಂದರೆ, ನಾನು ಎಂದೂ ಕೇಳದ ಹೆಸರು ಅದಕ್ಕೆ ಎಲ್ಲಿಂದ ಸಿಕ್ಕಿತು? ನನಗೆ ತಿಳಿಯದು. ಆದರೆ ಆ ರಾತ್ರಿ ಎಷ್ಟೋ ದಿನಗಳ ಮೇಲೆ ಚೆನ್ನಾಗಿ ನಿದ್ದೆ ಬಂತು. ಯಾರಾದರೇನು, ನೆನೆಯುವವರು ಒಬ್ಬರಿದ್ದರಲ್ಲ.

ಈಗ ಊರಿನ ಹತ್ತಿರವೇ ಇದ್ದೇನೆ, ಮನೆ ತುಂಬ ಜನ. ಆದರೂ ಕೆಲವು ಭಾನುವಾರ ಸಂಜೆ ಬೇಕೆಂದೇ ತುಂಗಕ್ಕನನ್ನು ನೆನೆಯುತ್ತೇನೆ. ಎಲ್ಲೋ ಆಕೆಗೆ ಬಿಕ್ಕಳಿಕೆ ಹತ್ತುತ್ತಿರಬಹುದು. ಪಾಪ, ನನ್ನ ಹೆಸರನ್ನು ಆಕೆಗೆ ಯಾರು ಹೇಳಿಕೊಡಬೇಕು?