ಬೂದಿ ಹಚ್ಚಿ ತಿಕ್ಕಿದ ರೈಲಿನ ಡಿಸ್ಕ್

ಗಾರ್ಡ್ ಸಾಹೇಬರು ಕಂಪ್ಯೂಟರ್ ಆಟದ ಡಿಸ್ಕನ್ನು ಬೆರಳಿಗೆ ಉಂಗುರದ ಹಾಗೆ ಸಿಕ್ಕಿಸಿಕೊಂಡು, ಬಾಯಿಂದ ಆವಿ ಬಿಟ್ಟು, ಧೋತರದ ಚುಂಗಿನಿಂದ ಒರೆಸುತ್ತಿದ್ದರು. ದೇವರ ಪೂಜೆಗೆ ಅಷ್ಟು ಹೊತ್ತು ಕೂತದ್ದನ್ನು ನಾನು ನೋಡಿಲ್ಲ.

ಟಿಳಕವಾಡಿಯ ಅವರ ಮನೆಯಲ್ಲಿ ನಾನು ಭಾಂಡೆ ತಿಕ್ಕುತ್ತಿದ್ದೆ. ಅವರು ಇಡೀ ನೌಕರಿಯನ್ನು ರೈಲಿನ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಬೀಸಿ ಮುಗಿಸಿದವರು. ಎಂಜಿನ್ ಮುಟ್ಟಿದವರಲ್ಲ. ರಿಟೈರಾದ ಮೇಲೆ ಕಂಪ್ಯೂಟರಿನ ಆಟದಲ್ಲಿ ಎಂಜಿನ್ ಓಡಿಸುವ ಹುಚ್ಚು ಹಿಡಿಯಿತು. ಘಟ್ಟ ಹತ್ತಿ ಕೊನೆಯ ಸ್ಟೇಷನ್ ಮುಟ್ಟಬೇಕು. ಕಣ್ಣು ಬೇರೆ ಮಂಜಾಗುತ್ತಿತ್ತು.

"ಕಣ್ಣ ಇರೂದ್ರಾಗ ಮುಟ್ಟಬೇಕ ಗಂಗವ್ವ" ಎನ್ನುತ್ತಿದ್ದರು.

ಅದೇ ಆಟ ಖಾನಾಪುರದಲ್ಲಿ ಅವರ ತಂಗಿಯ ಮಗಳು ಸುನಂದಾಳ ಹತ್ತಿರವೂ ಇತ್ತು. ಬಂದಾಗಲೆಲ್ಲ ಅವಳದು ಒಂದೇ ಮಾತು. "ಮಾಮಾ, ಇನ್‌ಸ್ಟಾಲ್ ಮಾಡ್ಕೋರಿ. ಡಿಸ್ಕ್ ಕೆಟ್ರ ಆಟಾನೂ ಹೋತ ನೋಡ್ರಿ."

"ಬೀಗರು ಬಂದ್ರ ಪಡಸಾಲ್ಯಾಗ ಚಾ ಕೊಟ್ಟು ಕಳಸ್ತೀವೋ, ತಿಜೋರಿ ಖೋಲ್ಯಾಗ ಹಾಸಿಗಿ ಹಾಸ್ತೀವೋ? ಆಟಾನೂ ಹಂಗ, ಆಡೂದು, ತಗದಿಡೂದು. ಮಷೀನ್ ಹಗೂರ ಇರತೈತಿ" ಎನ್ನುತ್ತಿದ್ದರು ಸಾಹೇಬರು.

ಒಂದು ದಿನ ಆ ಡಿಸ್ಕಿನ ಮೇಲೆ ಚಟ್ನಿ ಬೆರಳಿನ ಕಲೆ ಕಂಡೆ. ನೀರೊಲೆಯ ಬೂದಿ ಹಚ್ಚಿ, ತೆಂಗಿನ ನಾರಿನಿಂದ ತಾಟು ತಿಕ್ಕಿದ ಹಾಗೆ ಗಸಗಸ ತಿಕ್ಕಿ ಬಿಸಿಲಿಗಿಟ್ಟೆ. ಅವರು ತಂದು ಹಾಕಿದರು. ಮಷೀನು ಕರ್ರೆಂದು ಸುಮ್ಮನಾಯಿತು.

"ಯಾರ ಮಾಡಿದ್ದಿದು?"

"ನಾನ್ರಿ. ಹೊಲಸಾಗಿತ್ತು."

"ಒಂದ ಸ್ಟೇಷನ್ ಉಳದಿತ್ತಲ್ಲ ನನ್ನವ್ವ!"

ಕೆಲಸ ಹೋಯಿತು ಅಂದುಕೊಂಡೆ. ಅವರು ಚಪ್ಪಲಿ ಮೆಟ್ಟಿ ಖಾನಾಪುರದ ಗಾಡಿ ಹತ್ತಿದರು. ಸಂಜೆಗೆ ಸುನಂದಾಳನ್ನೂ ಅವಳ ಡಿಸ್ಕನ್ನೂ ಕರೆದುಕೊಂಡೇ ಬಂದರು.

"ಒಳಗ ಹಾಕವ್ವ ಸುನಂದಾ. ಬೀಗರು ತಿಜೋರಿ ಖೋಲ್ಯಾಗೇ ಇರ್ಲಿ. ಹೊರಗ ಗಂಗವ್ವ ಅದಾಳ."

ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಆಟ ಎದ್ದಿತು. ಎಲ್ಲಿಯ ತನಕ ಆಡಿದ್ದರೆಂಬ ಗುರುತು ಮೊದಲಿನಿಂದಲೂ ಮಷೀನಿನೊಳಗೇ ಇತ್ತಂತೆ. ಆದರೂ ಸಾಹೇಬರು ಗಾಡಿ ಬಿಡಲಿಲ್ಲ.

"ಗಾರ್ಡ್ ಇಲ್ಲದ ಹೆಂಗ ಬಿಡ್ಲಿ? ಹಿಂದ ನಿಂದರ ಬಾ ಗಂಗವ್ವ, ಹಸರ ತೋರ್ಸು."

ಅವತ್ತು ನಾನು ಉಟ್ಟದ್ದು ಹಸಿರು ಸೀರೆ. ಕುರ್ಚಿಯ ಹಿಂದೆ ನಿಂತು ಸೆರಗು ಬೀಸಿದೆ. ಸುನಂದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಘಟ್ಟದಲ್ಲಿ ಗಾಡಿ ಮೂರು ಸಲ ನಿಂತಿತು, ಮೂರು ಸಲವೂ ಬೀಸಿಸಿಕೊಂಡರು. ನಾಲ್ಕನೆಯ ಸಲ ಮುಟ್ಟಿತು. ಸಾಹೇಬರು ಎದ್ದು ನಿಂತು ನನಗೇ ಸಲಾಮು ಹೊಡೆದರು. ಭಾಂಡೆ ಹಾಗೇ ಬಿದ್ದಿದ್ದವು, ನಾನು ಒಳಗೆ ಹೋದೆ.

ಸಾಹೇಬರು ಸಾಯುವ ಮುಂಚೆ ಖಾನಾಪುರದಲ್ಲಿ, ಸುನಂದಾಳ ಮನೆಯಲ್ಲಿದ್ದರು. ನೋಡಲು ಹೋದೆ. ಕಣ್ಣು ಪೂರಾ ಹೋಗಿದ್ದವು. ಹಿತ್ತಲಿನ ಪೇರಲ ಗಿಡಕ್ಕೆ, ಹಕ್ಕಿ ಬೆದರಲಿ ಅಂತ, ನಾನು ತಿಕ್ಕಿದ ಆ ಡಿಸ್ಕನ್ನು ಕಟ್ಟಿಸಿದ್ದರು.

"ನಿನ್ನ ಕೆಲಸ ಖರೇನ ಉಪಯೋಗಕ್ಕ ಬಂತು ನೋಡ. ಗಿಳಿ ಒಂದಾದ್ರೂ ಐತೇನ?"

ಡಿಸ್ಕಿನ ಬಾಜುವಿನಲ್ಲೇ ಎರಡು ಗಿಳಿ ಕೂತು ಹಣ್ಣು ಕುಕ್ಕುತ್ತಿದ್ದವು.

"ಒಂದೂ ಇಲ್ರಿ ಸಾಹೇಬ್ರ" ಅಂದೆ.