ಅಳಿಯನಿಗೆ ಮೊದಲ ತುತ್ತು

ಮಕ್ಕಳೇ, ಮುಧೋಳದಲ್ಲಿ ನಮ್ಮ ಪಕ್ಕದ ಮನೆಯವರು ಘಟಪ್ರಭೆಯ ಮರಳು ಕದ್ದು ಸಾಗಿಸುತ್ತಿದ್ದರು. ಮರಳು ಮಾಫಿಯಾ ಎಂದು ಊರೆಲ್ಲ ಹೆದರುತ್ತಿತ್ತು. ಆ ಮನೆಯ ಅಳಿಯನ ಕಾಕಾ ಪೊಲೀಸ್. ಹಾಗಾಗಿ ಅಳಿಯ ಬಂದೊಡನೆ ಒಳಗಿನ ಮಾತು ನಿಲ್ಲುತ್ತಿತ್ತು. ಊಟದಲ್ಲಿ ಮಾತ್ರ ಮೊದಲ ತುತ್ತು ಅವನದೇ. ಅವನು ಉಂಡು, ಮೀಸೆ ಒರೆಸಿಕೊಂಡು, "ಛಲೋ ಐತ್ರಿ" ಎಂದ ಮೇಲೆಯೇ ಮಾವ ತಟ್ಟೆಗೆ ಕೈ ಹಾಕುತ್ತಿದ್ದ. ಅಳಿಯನಿಗೆ ಎಂಥ ಮರ್ಯಾದೆ ಎಂದು ನಾನು ಬೆರಗಾಗುತ್ತಿದ್ದೆ.

ಒಂದು ಮಧ್ಯಾಹ್ನ ಹೋಳಿಗೆ ಲಟ್ಟಿಸಲು ನನ್ನನ್ನು ಕರೆದಿದ್ದರು. ಆಗಲೇ ಮರಳಿನ ದಂಧೆಯಲ್ಲಿ ಅವರ ವೈರಿಗಳಾಗಿದ್ದವರ ಮನೆಯಿಂದ ರಾಜಿಯ ಗುರುತಾಗಿ ಒಂದು ಡಬ್ಬಿ ಪೇಢೆ ಬಂತು.

"ಅಳಿಯಂದ್ರು ಮೊದಲ ತಗೋರಿ" ಎಂದ ಮಾವ.

"ಯಪ್ಪಾ, ಬ್ಯಾಡ! ಅದರಾಗ ವಿಷ ಇದ್ದರ?" ಎಂದು ಮಗಳು ಚೀರಿದಳು.

ಇಷ್ಟು ದಿನದ ಮರ್ಯಾದೆ ಏತಕ್ಕೆಂದು ನನಗೆ ಆಗ ಹೊಳೆಯಿತು. ಕೈಯಲ್ಲಿದ್ದ ಹೋಳಿಗೆ ಹರಿಯಿತು.

"ಸುಮ್ಮನಿರ, ನನಗಿದು ಹೊಸಾದಲ್ಲ" ಎಂದು ಅಳಿಯ ಹೆಂಡತಿಗೆ ಹೇಳಿ, ಇಡೀ ಪೇಢೆ ಬಾಯಿಗೆ ಹಾಕಿಕೊಂಡ. ಮೀಸೆ ಒರೆಸಿಕೊಂಡ. "ಛಲೋ ಐತ್ರಿ."

ಮಾವ ಡಬ್ಬಿಗೆ ಕೈ ಚಾಚಿದ. ಅಳಿಯ ಆ ಕೈಯನ್ನು ಗಟ್ಟಿಯಾಗಿ ಹಿಡಿದುಬಿಟ್ಟ!

"ತಡೀರಿ ಮಾವಾರ. ಇನ್ನೊಂದ ತಾಸು ಹೋಗಲಿ. ನನಗೇನೂ ಆಗಲಿಲ್ಲಂದ್ರ ಆಮ್ಯಾಲ ತಿನ್ನೀರಂತ."

ಊರನ್ನೇ ನಡುಗಿಸಿದ ಆ ಮನುಷ್ಯ ಅಳಿಯನ ಮುಖವನ್ನೇ ನೋಡಿದ. ಮರುಕ್ಷಣ ಎಡಗೈಯಿಂದ ಒಂದು ಪೇಢೆ ಎತ್ತಿ ಬಾಯಿಗೆ ಹಾಕಿಕೊಂಡ.

ಅದರಲ್ಲಿ ವಿಷವಿಲ್ಲವೆಂದು ನಮಗೆ ಧೈರ್ಯ ಬರುವ ಹೊತ್ತಿಗೆ ಇಬ್ಬರೂ ಸೇರಿ ಡಬ್ಬಿ ಖಾಲಿ ಮಾಡಿದ್ದರು.